ಮನಸ್ಸಿನ ಬಾಗಿಲಿಗೆ ಯಾರ ಬೋರ್ಡು?

ಹಲ್ಲು ನೋವು ಬಂದರೆ ಜನ ಹಲ್ಲಿನ ಡಾಕ್ಟರನ್ನು ಹುಡುಕುತ್ತಾರೆ. ಕಣ್ಣು ಮಂಜಾದರೆ ಕಣ್ಣಿನ ಡಾಕ್ಟರು. ಮನಸ್ಸಿಗೆ ನೋವಾದರೆ ಮಾತ್ರ ಹುಡುಕುವ ಕಷ್ಟವೇ ಇಲ್ಲ, ಊರಿಗೆ ಊರೇ ಸಲಹೆಗೆ ಸಿದ್ಧವಾಗಿರುತ್ತದೆ. ಸೋದರಮಾವ, ಪಕ್ಕದ ಮನೆಯಾಕೆ, ಬಸ್ಸಿನಲ್ಲಿ ಜೊತೆಗೆ ಕೂತ ಅಪರಿಚಿತ, ತಾಯಿತ ಕಟ್ಟುವವರು, ಜಾತಕ ನೋಡುವವರು, ಹೀಗೆ ಎಲ್ಲರ ಬಳಿಯೂ ಒಂದೊಂದು ಪರಿಹಾರ ಉಂಟು. ‘ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ’ ಎಂಬುದು ಇವುಗಳಲ್ಲಿ ತೀರಾ ಹಳೆಯದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಂಥ ಸಲಹೆ ಕೇಳಿ ಕೇಳಿ ಸುಸ್ತಾದ ಯಾರೋ ಕಟ್ಟಿದ್ದಿರಬೇಕು.

ಈ ಸಾಲಿಗೆ ಈಗ ಹೊಸ ಬೋರ್ಡುಗಳೂ ಸೇರಿಕೊಂಡಿವೆ. ಮನಶ್ಶಾಸ್ತ್ರಜ್ಞರು, ಆಪ್ತ ಸಲಹೆಗಾರರು, ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಎಂದೆಲ್ಲ ಬರೆದ ಫಲಕಗಳು ದೊಡ್ಡ ನಗರಗಳಲ್ಲಷ್ಟೇ ಅಲ್ಲ, ತಾಲ್ಲೂಕು ಊರುಗಳ ಬಸ್ ಸ್ಟ್ಯಾಂಡ್ ರಸ್ತೆಯಲ್ಲೂ ಕಾಣುತ್ತವೆ. ಕೆಳಗೆ ಕಾಫಿಪುಡಿ ಅಂಗಡಿ, ಮೇಲೆ ಮನಸ್ಸಿನ ಸಮಾಲೋಚನೆ. ಕಾಫಿಪುಡಿಯ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಬರೆದಿರಬೇಕೆಂಬ ನಿಯಮವಿದೆ. ಮಹಡಿಯಲ್ಲಿ ಕುಳಿತವರ ಓದಿನಲ್ಲಿ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದು ಮೆಟ್ಟಿಲು ಹತ್ತುವವನಿಗೆ ತಿಳಿಯುವುದು ಹೇಗೆ?

ಪ್ರಶ್ನೆ ತಮಾಷೆಯಾಗಿ ಕಂಡರೂ ಒಳಗೆ ತಮಾಷೆಯಿಲ್ಲ. ದರ್ಜಿ ಅಂಗಿಯನ್ನು ಕೆಟ್ಟದಾಗಿ ಹೊಲಿದರೆ ತೊಟ್ಟ ಮೊದಲ ದಿನವೇ ಗೊತ್ತಾಗುತ್ತದೆ. ಮೇಸ್ತ್ರಿ ಕಟ್ಟಿದ ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಆದರೆ ಮನಸ್ಸಿನ ಕಷ್ಟ ಹೇಳಿಕೊಂಡು ಬಂದವನಿಗೆ ತನಗೆ ಸಿಕ್ಕಿದ್ದು ಒಳ್ಳೆಯ ಚಿಕಿತ್ಸೆಯೋ ಕೆಟ್ಟದ್ದೋ ಎಂದು ಅಳೆಯುವ ಕೋಲು ಇರುವುದಿಲ್ಲ. ಗುಣವಾಗದಿದ್ದರೆ ಅವನು ಎದುರಿಗಿದ್ದವರನ್ನು ದೂರುವುದೂ ಇಲ್ಲ. ‘ನನ್ನದೇ ತಪ್ಪು, ನನ್ನ ಮನಸ್ಸೇ ಗಟ್ಟಿಯಿಲ್ಲ’ ಎಂದು ಮೊದಲೇ ಇದ್ದ ಭಾರದ ಮೇಲೆ ಇನ್ನೊಂದು ಕಲ್ಲು ಇಟ್ಟುಕೊಳ್ಳುತ್ತಾನೆ. ಎರಡನೆಯ ಬಾರಿ ಯಾರ ಬಳಿಗೂ ಹೋಗುವುದಿಲ್ಲ. ತನಗಾದ ನಷ್ಟವನ್ನು ತಾನೇ ಗುರುತಿಸಲಾಗದ ಇಂಥ ಕಡೆ ಬೇರೆ ಯಾರಾದರೂ ಮೊದಲೇ ಪರೀಕ್ಷಿಸಿ ಮುದ್ರೆ ಒತ್ತಿರಬೇಕಾಗುತ್ತದೆ. ಮಾನ್ಯತೆ ಎಂಬ ಒಣ ಸರಕಾರಿ ಪದದ ಹಿಂದೆ ಇರುವುದು ಇದೇ.

ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದಳು. ಮೊದಲ ದರ್ಜೆ. ಬಂಧುಗಳ ಮನೆಯ ಸಮಾರಂಭಕ್ಕೆ ಹೋದರೆ ಎಲೆಯ ಮುಂದೆ ಕೂರುವ ಮೊದಲೇ ಯಾರಾದರೂ ಕೇಳುವರು: ‘ಏನಮ್ಮಾ, ನನ್ನ ಮನಸ್ಸಿನಲ್ಲಿ ಏನಿದೆ ಹೇಳು ನೋಡೋಣ?’ ಇನ್ನು ಕೆಲವರು ಅವಳನ್ನು ಡಾಕ್ಟರೆಂದೇ ತಿಳಿದು ನಿದ್ದೆ ಮಾತ್ರೆ ಕೇಳುವರು. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಸ್ಸಿನ ಪರೀಕ್ಷೆಗಳನ್ನು ನಡೆಸುವವರು, ಮಾತಿನ ಮೂಲಕ ಚಿಕಿತ್ಸೆ ನೀಡುವವರು. ಇಬ್ಬರೂ ಬೇರೆ ಎಂದು ವಿವರಿಸಿ ವಿವರಿಸಿ ಅವಳಿಗೆ ಸಾಕಾಗಿತ್ತು. ತಾನು ಇವೆರಡೂ ಅಲ್ಲ ಎಂದು ಹೇಳುವುದು ಇನ್ನೂ ಕಷ್ಟವಾಗಿತ್ತು.

ಮೇಷ್ಟ್ರಿಗೆ ಅದೇ ಒಗಟು. ಮನೆಯ ಮುಂದಿನ ಕೋಣೆ ಖಾಲಿ ಇದೆ, ಸುಣ್ಣ ಹೊಡೆಸಿ ಒಂದು ಬೋರ್ಡು ಹಾಕಿದರಾಯಿತು ಎಂಬುದು ಅವರ ಲೆಕ್ಕ. ‘ಬಿ.ಎ. ಮೂರು, ಎಂ.ಎ. ಎರಡು, ಒಟ್ಟು ಐದು ವರ್ಷ ಓದಿದ್ದು ಸಾಲದೇನು?’ ಎಂದು ಕೇಳಿದರು. ಮಗಳು ಕೊಟ್ಟ ಉತ್ತರ ಅವರಿಗೆ ವಿಚಿತ್ರವೆನಿಸಿತು. ‘ಐದು ವರ್ಷದಲ್ಲಿ ನಾನು ಪುಸ್ತಕ ಓದಿದ್ದೇನೆ ಅಪ್ಪ. ನನ್ನೆದುರು ಒಬ್ಬರು ಅಳೋದನ್ನ ಇನ್ನೂ ನೋಡಿಲ್ಲ.’ ಜೊತೆಗೆ ಓದಿದ ಒಬ್ಬಾಕೆ ಆಗಲೇ ನಗರದಲ್ಲಿ ಸಲಹಾ ಕೇಂದ್ರ ತೆರೆದು ಗಂಟೆಗಿಷ್ಟೆಂದು ಫೀಸು ಪಡೆಯುತ್ತಿದ್ದ ಸುದ್ದಿ ಮನೆಗೆ ಬಂದಿತ್ತು. ಅದಕ್ಕೂ ಮಗಳ ಉತ್ತರ ಅದೇ. ಇನ್ನೂ ಎರಡು ವರ್ಷ ಆಸ್ಪತ್ರೆಯಲ್ಲಿ ಕಲಿಯಬೇಕು, ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು, ಸೀಟು ಬೆರಳೆಣಿಕೆಯಷ್ಟು.

ಪುಸ್ತಕ ಬಲ್ಲ ವಿದ್ಯಾರ್ಥಿಗೂ ರೋಗಿಗೂ ನಡುವಿನ ಈ ದೂರ ಮೊನ್ನೆ ಮೊನ್ನೆಯದಲ್ಲ. ಭಾರತಕ್ಕೆ ಮನಶ್ಶಾಸ್ತ್ರ ಬಂದದ್ದು ಆಸ್ಪತ್ರೆಯ ಬಾಗಿಲಿನಿಂದಲ್ಲ, ಪ್ರಯೋಗಾಲಯದ ಬಾಗಿಲಿನಿಂದ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಹಾರ್ವರ್ಡ್‌ನಿಂದ ಬಂದ ಎನ್.ಎನ್. ಸೇನ್‌ಗುಪ್ತ ಅದಕ್ಕೆ ತಳಹದಿ ಹಾಕಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ನಡೆಸಿದವರೂ ಇವರೇ. ಮುಂದೆ ಎಂ. ಶಿವರಾಂ, ಅಂದರೆ ‘ಕೊರವಂಜಿ’ಯ ರಾಶಿ, ಬರೆದ ‘ಮನೋಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಕನ್ನಡ ಓದುಗರಿಗೆ ಮನಸ್ಸಿನ ಶಾಸ್ತ್ರ ಅಪರಿಚಿತವೇನಲ್ಲ. ಆದರೆ ಶಾಸ್ತ್ರ ತಿಳಿದಿರುವುದು ಒಂದು, ಕಷ್ಟದಲ್ಲಿರುವ ಮನುಷ್ಯನ ಎದುರು ಕೂರಲು ತಯಾರಾಗಿರುವುದು ಇನ್ನೊಂದು.

ಆ ಎರಡನೆಯ ತಯಾರಿಗೆ ಶಾಲೆ ತೆರೆದದ್ದು ಬೆಂಗಳೂರು. ದೇಶದಲ್ಲಿ ಮಾನಸಿಕ ಆರೋಗ್ಯಕ್ಕೆ ತರಬೇತಾದ ಜನರೇ ಇಲ್ಲ ಎಂದು ಭೋರ್ ಸಮಿತಿ 1946ರಲ್ಲಿ ಎಚ್ಚರಿಸಿತ್ತು. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮನಶ್ಶಾಸ್ತ್ರದ ಪದವೀಧರರಿಗೆ ಎರಡು ವರ್ಷದ ಡಿಪ್ಲೊಮಾ ಶುರುವಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಡಿಪ್ಲೊಮಾ ಮುಂದೆ ಎಂ.ಫಿಲ್. ಆಗಿ ಬೆಳೆಯಿತು. ಹೆಸರು ಬದಲಾದರೂ ತಿರುಳು ಬದಲಾಗಲಿಲ್ಲ. ಬೆಳಿಗ್ಗೆ ವಾರ್ಡಿಗೆ ಹೋಗಬೇಕು, ರೋಗಿಯ ಕಥೆ ಕೇಳಿ ಬರೆಯಬೇಕು, ಬರೆದದ್ದನ್ನು ಹಿರಿಯರ ಮುಂದೆ ಇಟ್ಟು ಅವರ ಪ್ರಶ್ನೆಗಳಿಗೆ ಮೈಯೊಡ್ಡಬೇಕು.

ಇಂಥ ತರಬೇತಿಗೆ ಕಾನೂನಿನ ಮುದ್ರೆ ಬೀಳಲು ಮತ್ತೆ ಕೆಲವು ದಶಕ ಬೇಕಾಯಿತು. 1986ರಲ್ಲಿ ನೋಂದಾಯಿತ ಸಂಘವಾಗಿ ಆರಂಭವಾದ ಭಾರತೀಯ ಪುನರ್ವಸತಿ ಪರಿಷತ್ತಿಗೆ 1992ರ ಕಾಯ್ದೆ ಶಾಸನದ ಬಲ ಕೊಟ್ಟಿತು. ಅಂಗವಿಕಲರ ಸೇವೆಯಲ್ಲಿರುವ ವಾಕ್ ಶ್ರವಣ ತಜ್ಞರು, ವಿಶೇಷ ಶಿಕ್ಷಕರು ಮುಂತಾದವರ ಪಟ್ಟಿಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಸೇರಿದರು. ಪರಿಷತ್ತು ಮಾನ್ಯ ಮಾಡಿದ ಕೋರ್ಸು ಮುಗಿಸಿದವರ ಹೆಸರು ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಆ ರಿಜಿಸ್ಟರಿನಲ್ಲಿ ಇಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ಒಂದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆ ಹೇಳುತ್ತದೆ. ಸಾವಿರ ರೂಪಾಯಿ ಎಂದರೆ ಈಗ ನಗರದ ಸಲಹಾ ಕೇಂದ್ರವೊಂದರ ಒಂದು ಗಂಟೆಯ ಫೀಸಿಗೆ ಸಮ ಎಂಬುದು ಬೇರೆ ಮಾತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಿಕಿತ್ಸಾ ಮನಶ್ಶಾಸ್ತ್ರಜ್ಞ ಎಂದರೆ ಯಾರೆಂದು ಬಿಡಿಸಿ ಹೇಳಿತು. ಪರಿಷತ್ತು ಒಪ್ಪಿದ ಸಂಸ್ಥೆಯಿಂದ ಆ ವಿಷಯದಲ್ಲಿ ಮಾನ್ಯ ಅರ್ಹತೆ ಪಡೆದವರು, ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮಾಡಿದವರು. ಆ ಎರಡು ವರ್ಷದಲ್ಲಿ ಮೇಲ್ವಿಚಾರಣೆಯಲ್ಲಿ ನಡೆದ ಚಿಕಿತ್ಸಾ ತರಬೇತಿ ಇರಲೇಬೇಕು. ಇಡೀ ವ್ಯಾಖ್ಯೆಯ ಜೀವ ಇರುವುದು ‘ಮೇಲ್ವಿಚಾರಣೆ’ ಎಂಬ ಆ ಒಂದು ಪದದಲ್ಲಿ.

ಇಲ್ಲಿ ಓದುಗರು ಗೊಂದಲಕ್ಕೆ ಬೀಳುವ ಒಂದು ಜಾಗವಿದೆ. ಕಾಲೇಜುಗಳ ಗೇಟಿನ ಮೇಲೆ ದೊಡ್ಡದಾಗಿ ಬರೆಸುವ ನ್ಯಾಕ್ ಮಾನ್ಯತೆಯೇ ಬೇರೆ, ಇದೇ ಬೇರೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಇಡೀ ಸಂಸ್ಥೆಯನ್ನು ತೂಗುತ್ತದೆ. ಪಾಠ, ಸಂಶೋಧನೆ, ಗ್ರಂಥಾಲಯ, ಕಟ್ಟಡ, ಆಡಳಿತ ಎಲ್ಲ ಅದರ ತಕ್ಕಡಿಗೆ ಬರುತ್ತವೆ. ಆದರೆ ಅಲ್ಲಿ ಮನಶ್ಶಾಸ್ತ್ರ ಓದಿದ ಹುಡುಗ ಒಬ್ಬ ರೋಗಿಯನ್ನಾದರೂ ಕಂಡನೇ, ಕಂಡಾಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳುವುದು ಅದರ ಕೆಲಸವಲ್ಲ. ಒಳ್ಳೆಯ ಶ್ರೇಣಿಯ ಕಾಲೇಜಿನಿಂದ ಬಂದ ಪದವಿ ಒಳ್ಳೆಯ ಪದವಿಯೇ ಹೌದು. ಅದು ಚಿಕಿತ್ಸೆ ಕೊಡುವ ರಹದಾರಿಯಲ್ಲ.

ಈ ಪ್ರಶ್ನೆಯನ್ನು ಬೇರೆಯವರೂ ಎದುರಿಸಿದ್ದಾರೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಮೈಗಿಂತ ಮನಸ್ಸಿಗೇ ಹೆಚ್ಚು ಗಾಯವಾಗಿದ್ದ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಮನೆಗೆ ಮರಳಿದರು. ಅವರನ್ನು ನೋಡಿಕೊಳ್ಳಬೇಕಾದ ಸರಕಾರಿ ಇಲಾಖೆಗೆ ಮನಶ್ಶಾಸ್ತ್ರಜ್ಞರು ಬೇಕಿತ್ತು, ತರಬೇತಿಗೆ ಹಣ ಕೊಡಲೂ ಅದು ಸಿದ್ಧವಿತ್ತು. ಆದರೆ ಯಾವ ವಿಶ್ವವಿದ್ಯಾಲಯದಲ್ಲಿ ಕಲಿತವರನ್ನು ನಂಬುವುದು? ಅಮೆರಿಕನ್ ಮನಶ್ಶಾಸ್ತ್ರ ಸಂಘವನ್ನೇ ಪಟ್ಟಿ ಮಾಡಿಕೊಡಿ ಎಂದು ಕೇಳಲಾಯಿತು. ಡೇವಿಡ್ ಶಾಕೊ ಅಧ್ಯಕ್ಷತೆಯ ಸಮಿತಿ 1947ರಲ್ಲಿ ತರಬೇತಿಯ ನಕ್ಷೆ ಕೊಟ್ಟಿತು. 1949ರಲ್ಲಿ ಕೊಲೊರಾಡೊದ ಬೌಲ್ಡರ್ ಪಟ್ಟಣದಲ್ಲಿ ಸಮ್ಮೇಳನ ಸೇರಿ, ಚಿಕಿತ್ಸಕನಾಗುವವನು ವಿಜ್ಞಾನಿಯೂ ಆಗಿರಬೇಕು, ಇಂಟರ್ನ್ ಆಗಿ ರೋಗಿಗಳ ನಡುವೆ ದುಡಿದಿರಬೇಕು ಎಂದು ತೀರ್ಮಾನಿಸಿತು. ಅಲ್ಲಿ ಮಾನ್ಯತೆ ಪಂಡಿತರ ಪ್ರತಿಷ್ಠೆಗಾಗಿ ಹುಟ್ಟಲಿಲ್ಲ. ನಿದ್ದೆ ಬಾರದ ಸೈನಿಕರಿಗಾಗಿ ಹುಟ್ಟಿತು.

ಮೇಷ್ಟ್ರ ಮಗಳಿಗೆ ಎರಡನೆಯ ಪ್ರಯತ್ನದಲ್ಲಿ ಸೀಟು ಸಿಕ್ಕಿತು. ಮೊದಲ ತಿಂಗಳುಗಳಲ್ಲೇ ಒಂದು ಪ್ರಕರಣ ಬಂತು. ಎಂಟು ವರ್ಷದ ಹುಡುಗ, ಶಾಲೆಯಲ್ಲಿ ಹಿಂದೆ. ಬುದ್ಧಿಮಾಂದ್ಯತೆಯ ಸರ್ಟಿಫಿಕೇಟಿಗಾಗಿ ತಂದೆ ಕರೆತಂದಿದ್ದರು. ಅವಳು ಬಿನೆ-ಕಾಮತ್ ಪರೀಕ್ಷೆ ನಡೆಸಿದಳು. ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ವಿ.ವಿ. ಕಾಮತ್ 1934ರಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು, ಅದು ಮುಂಬಯಿ-ಕರ್ನಾಟಕ ಪರಿಷ್ಕರಣೆ ಎಂದೇ ಹೆಸರಾದದ್ದು, ಪುಸ್ತಕದಲ್ಲಿ ಓದಿದ್ದಳು. ಲೆಕ್ಕ ಹಾಕಿದಾಗ ಅಂಕ ಎಪ್ಪತ್ತಕ್ಕಿಂತ ಕೆಳಗೆ ಬಂತು. ಎಪ್ಪತ್ತರ ಕೆಳಗೆ ಎಂದರೆ ಏನರ್ಥ ಎಂಬುದೂ ಪುಸ್ತಕದಲ್ಲಿತ್ತು. ವರದಿ ಬರೆದು ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟಳು.

ಅವರು ಅಂಕ ನೋಡಲೇ ಇಲ್ಲ. ‘ಹುಡುಗನ ಕಿವಿ ಪರೀಕ್ಷೆ ಆಗಿದೆಯಾ?’ ಎಂದು ಕೇಳಿದರು. ಆಗಿರಲಿಲ್ಲ. ಬಹುಪಾಲು ಪ್ರಶ್ನೆಗಳನ್ನು ಬಾಯಿಂದ ಕೇಳುವ ಪರೀಕ್ಷೆಯದು. ಕಿವಿ ಸೋರಿ ಅರ್ಧ ಕೇಳದ ಹುಡುಗನಿಗೆ ಪ್ರಶ್ನೆಯೇ ಅರ್ಧ ತಲುಪಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು ಹಿಡಿದು ತಿಂಡಿ ತಿನ್ನದೆ ಬಂದಿದ್ದನೆಂಬುದು ಆಮೇಲೆ ತಿಳಿಯಿತು. ವರದಿ ಹೊರಗೆ ಹೋಗಲಿಲ್ಲ. ಕಿವಿಗೆ ಚಿಕಿತ್ಸೆಯಾಗಿ, ಬೇರೆ ದಿನ ಹೊಟ್ಟೆ ತುಂಬಿಸಿಕೊಂಡು ಬಂದಾಗ, ಮಾತು ಹೆಚ್ಚು ಬೇಡದ ಇನ್ನೊಂದು ಪರೀಕ್ಷೆಯ ಜೊತೆಗೆ ಮತ್ತೆ ನೋಡಿದಾಗ ಹುಡುಗ ಬೇರೆಯೇ ಹುಡುಗನಾಗಿದ್ದ. ಮೇಲ್ವಿಚಾರಕಿ ಇಲ್ಲದಿದ್ದರೆ ಆ ಮೊದಲ ಅಂಕ ಸರ್ಟಿಫಿಕೇಟಾಗಿ ಅವನ ಹಿಂದೆ ಶಾಲೆಯಿಂದ ಶಾಲೆಗೆ ನಡೆಯುತ್ತಿತ್ತು.

ಇನ್ನೊಮ್ಮೆ ನಲವತ್ತರ ಒಬ್ಬ ಗೃಹಿಣಿ. ಯಾವುದರಲ್ಲೂ ಆಸಕ್ತಿಯಿಲ್ಲ, ಸುಸ್ತು, ಅಳು ಬರುತ್ತದೆ, ಮೈ ಊದಿದೆ. ಖಿನ್ನತೆ ಎಂದು ಹುಡುಗಿ ಬರೆದಳು. ‘ಥೈರಾಯಿಡ್ ನೋಡಿಸಿದ್ದಾರಾ?’ ಎಂಬುದು ಮೇಜಿನ ಆಚೆಯಿಂದ ಬಂದ ಪ್ರಶ್ನೆ. ಮನಸ್ಸಿನದೆಂದು ಕಂಡದ್ದು ಗಂಟಲಿನ ಗ್ರಂಥಿಯದೂ ಆಗಿರಬಹುದು. ಯಾವಾಗ ಮಾತಿನ ಚಿಕಿತ್ಸೆ ನಿಲ್ಲಿಸಿ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸಬೇಕೆಂದು ತಿಳಿಯುವುದೂ ವಿದ್ಯೆಯ ಒಂದು ಭಾಗ. ಹಾಗೆಯೇ ಭಾಷೆ. ಪಠ್ಯವೆಲ್ಲ ಇಂಗ್ಲಿಷು, ರೋಗಿಯ ಮಾತು ಕನ್ನಡ. ‘ಎದೆ ಢವಢವ ಅಂತದೆ’, ‘ತಲೆ ಗಿಮ್ಮಂತದೆ’, ‘ಯಾಕೋ ಜೀವಕ್ಕೇ ಬ್ಯಾಸರ’ ಎಂಬ ಮಾತುಗಳ ಪೈಕಿ ಯಾವುದು ದಿನದ ದಣಿವು, ಯಾವುದು ಸಾಯುವ ಯೋಚನೆ ಎಂದು ಯಾವ ಇಂಗ್ಲಿಷ್ ಪುಸ್ತಕವೂ ಹೇಳಿಕೊಡುವುದಿಲ್ಲ. ಸಾವಿರ ಜನರ ಮಾತು ಕೇಳಿದ ಹಿರಿಯರ ಪಕ್ಕದಲ್ಲಿ ಕೂತೇ ಅದನ್ನು ಕಲಿಯಬೇಕು.

ಒಂದು ಭಾನುವಾರ ಫೋನಿನಲ್ಲಿ ಮೇಷ್ಟ್ರು, ಅಲ್ಲಿ ಏನು ಹೇಳಿಕೊಡುತ್ತಾರೆ ಎಂದು ಕೇಳಿದರು. ‘ಹೇಳಿಕೊಡೋದು ಕಮ್ಮಿ ಅಪ್ಪ. ನಾನು ಏನು ಕೇಳಿದೆ ಅಂತ ಕೇಳೋಲ್ಲ, ಏನು ಕೇಳಲಿಲ್ಲ ಅಂತ ಕೇಳ್ತಾರೆ’ ಎಂದಳು. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ್ದ ಮೇಷ್ಟ್ರಿಗೆ ಆ ಮಾತು ತಕ್ಷಣ ಅರ್ಥವಾಯಿತು. ಮುಂದಿನ ಕೋಣೆಗೆ ಸುಣ್ಣ ಹೊಡೆಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಇಷ್ಟಾದರೂ ಕಥೆಗೆ ಇನ್ನೊಂದು ಮಗ್ಗುಲಿದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಬೇರೆ ಬೇರೆ ತೊಂದರೆಗಳಲ್ಲಿ ಚಿಕಿತ್ಸೆ ಸಿಗದವರು ಶೇಕಡಾ 70ರಿಂದ 92. ಅಂದರೆ ಹತ್ತು ಜನರಲ್ಲಿ ಏಳರಿಂದ ಒಂಬತ್ತು ಮಂದಿ ಯಾವ ಬಾಗಿಲನ್ನೂ ತಲುಪುತ್ತಿರಲಿಲ್ಲ. ಇತ್ತ ಮಾನ್ಯತೆ ಪಡೆದ ಕೋರ್ಸಿನಲ್ಲಿ ಸೀಟು ಹೆಚ್ಚಿಸುವುದು ಸುಲಭವಲ್ಲ. ಒಬ್ಬ ಮೇಲ್ವಿಚಾರಕ ಎಷ್ಟು ಜನರ ವರದಿ ತಿದ್ದಬಲ್ಲ? ಉಪನ್ಯಾಸವನ್ನು ಇನ್ನೂರು ಜನರಿಗೆ ಕೊಡಬಹುದು, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದು ನಾಲ್ಕಾರು ಜನರಿಗಷ್ಟೇ ಸಾಧ್ಯ. ಹೀಗಾಗಿ ಎಂ.ಎ. ಮುಗಿಸಿದ ಬಹುಪಾಲು ಮಂದಿ ಬಾಗಿಲ ಹೊರಗೇ ಉಳಿಯುತ್ತಾರೆ. ಅವರೆಲ್ಲ ಮೋಸಗಾರರಲ್ಲ. ಕಲಿಯುವ ಆಸೆಯಿದ್ದೂ ಜಾಗ ಸಿಗದವರು. ಹೊಟ್ಟೆಪಾಡಿಗೆ ಅವರು ಬೋರ್ಡು ಹಾಕಿದರೆ ತಪ್ಪೆಲ್ಲ ಅವರದೇ ಎನ್ನಲಾಗದು.

ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಕಾನೂನಿತ್ತು, ಉಳಿದ ಸಲಹೆಗಾರರಿಗೆ ಬಹುಕಾಲ ಹೇಳುವವರು ಕೇಳುವವರು ಇರಲಿಲ್ಲ. 2021ರಲ್ಲಿ ಬಂದ ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮನಶ್ಶಾಸ್ತ್ರಜ್ಞರನ್ನೂ ತನ್ನ ಪಟ್ಟಿಗೆ ಸೇರಿಸಿತು. ಪುನರ್ವಸತಿ ಪರಿಷತ್ತಿನಡಿ ಬರುವ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಮಾತ್ರ ಹೊರಗಿಟ್ಟಿತು. ಅದರ ಬೆನ್ನಿಗೇ, 2025ರ ಜುಲೈ-ಆಗಸ್ಟ್ ಅವಧಿಯಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವಂತಿಲ್ಲ ಎಂದು ಯುಜಿಸಿ ತಿಳಿಸಿತು. ಮನೆಯಲ್ಲಿ ಕೂತು, ಮಕ್ಕಳನ್ನು ಮಲಗಿಸಿ ರಾತ್ರಿ ಓದುವ ಕನಸು ಕಂಡಿದ್ದ ಎಷ್ಟೋ ಗೃಹಿಣಿಯರಿಗೆ ಅದರಿಂದ ನಿರಾಶೆಯಾಗಿದೆ. ಇತ್ತ ಹೊಸ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಾಗ ಈ ವಿಷಯಕ್ಕೆ ಬೇರೆ ದಾರಿಯಿಲ್ಲದೆ 2025-26ರವರೆಗೆ ಪ್ರವೇಶಕ್ಕೆ ವಿನಾಯಿತಿ ಕೊಡಬೇಕಾಯಿತು. ಹೆಸರು ಯಾವುದಾದರೂ ಇರಲಿ, ಆ ಎರಡು ವರ್ಷದ ಮೇಲ್ವಿಚಾರಣೆ ಕರಗಿ ಹೋಗದಂತೆ ನೋಡಿಕೊಳ್ಳುವುದೇ ಮುಂದಿನ ಕೆಲಸ.

ಮುದ್ರೆ ಬಿದ್ದ ಮಾತ್ರಕ್ಕೆ ಒಳ್ಳೆಯತನ ಬಂದುಬಿಡುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರಿದ್ದವರಲ್ಲೂ ಗಡಿಯಾರ ನೋಡುತ್ತ ಕಷ್ಟ ಕೇಳುವವರು ಇರಬಹುದು. ಯಾವ ಪದವಿಯೂ ಇಲ್ಲದ ಅಜ್ಜಿಯೊಬ್ಬಳು ತಲೆ ನೇವರಿಸಿ ಒಂದು ಜೀವ ಉಳಿಸಿರಬಹುದು. ಕರುಣೆಗೆ ಮಾನ್ಯತೆ ಕೊಡುವ ಪರಿಷತ್ತು ಎಲ್ಲೂ ಇಲ್ಲ. ಮುದ್ರೆ ಹೇಳುವುದು ಇಷ್ಟೇ: ಈ ವ್ಯಕ್ತಿ ಕಲಿಯುವಾಗ ಒಬ್ಬರು ಪಕ್ಕದಲ್ಲಿದ್ದರು, ಇವರ ಮೊದಲ ತಪ್ಪುಗಳನ್ನು ರೋಗಿಯ ತಲೆಗೆ ಕಟ್ಟದೆ ತಿದ್ದಿದರು. ಸಣ್ಣ ಮಾತಿನಂತೆ ಕಂಡರೂ ಎಂಟು ವರ್ಷದ ಆ ಹುಡುಗನಿಗೆ ಅದು ಸಣ್ಣದಾಗಿರಲಿಲ್ಲ.

ಆದ್ದರಿಂದ ಮೆಟ್ಟಿಲು ಹತ್ತುವವರು ಸಂಕೋಚಪಡಬೇಕಾಗಿಲ್ಲ. ಎಲ್ಲಿ ಓದಿದಿರಿ, ರಿಜಿಸ್ಟರಿನಲ್ಲಿ ನಿಮ್ಮ ಸಂಖ್ಯೆ ಯಾವುದು, ಯಾರ ಕೈಕೆಳಗೆ ಕಲಿತಿರಿ ಎಂದು ಕೇಳಬಹುದು. ನಿಜವಾಗಿ ಕಲಿತವರು ಸಿಟ್ಟಾಗುವುದಿಲ್ಲ, ಏಕೆಂದರೆ ಇದಕ್ಕಿಂತ ಕಠಿಣ ಪ್ರಶ್ನೆಗಳಿಗೆ ಅವರು ಎರಡು ವರ್ಷ ದಿನವೂ ಉತ್ತರ ಹೇಳಿ ಬಂದಿರುತ್ತಾರೆ. ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುವ ಜನ, ಯಾರಿಗೂ ಹೇಳದ ಮಾತನ್ನು ಒಬ್ಬರ ಮುಂದೆ ಬಿಚ್ಚಿಡುವ ಮೊದಲು ಅವರ ಗುರು ಯಾರೆಂದಾದರೂ ವಿಚಾರಿಸಬೇಕಲ್ಲವೇ?